ಬಿಲೆ ಮರದ ಬಿಗಿ ಗಂಟು

ಕೊಡಲಿ ಬಿದ್ದ ಜಾಗಕ್ಕೆ ಲಸ್ರಾ ಮೂಗಿಟ್ಟು ಮೂಸಿದಳು. ಸಾಲದೆಂದು ನಾಲಿಗೆಯ ತುದಿಯನ್ನೂ ತಾಗಿಸಿದಳು.

ಕಾವಲಿಗೆ ನಿಂತಿದ್ದ ಬೆಕ್ಕಾನ್ ಮುಖ ಕಿವುಚಿದ. "ನ್ಯಾಯದಮ್ಮಾವ್ರೆ, ದೇವರ ಮರ ಅದು. ನೆಕ್ಕಬಾರ್ದು."

"ಸತ್ತಿದೆಯಲ್ಲ, ಇನ್ನೇನು ಮಾಡತ್ತೆ?"

"ಸತ್ತವರಿಗೂ ಒಂದು ಮರ್ಯಾದೆ ಅಂತ ಇರತ್ತೆ."

"ಬದುಕಿರೋರಿಗೆ ಕೊಟ್ಟು ಮಿಕ್ಕಿದ್ರೆ ಅದಕ್ಕೂ ಕೊಡೋಣ ಬಿಡು."

ಒಂದೇ ಕೊಂಬೆಯಲ್ಲಿ ಸೇಬು, ಹೇಝಲ್ ಕಾಯಿ, ಓಕ್ ಬೀಜ ಮೂರನ್ನೂ ಬಿಡುತ್ತಿದ್ದ ಕೊರಾನ್ ಕುಲದ ಬಿಲೆ ಮರ ನಡುಬೇಸಿಗೆಯಲ್ಲಿ ಎಲೆಯುದುರಿಸಿ ಬೋಳಾಗಿ ನಿಂತಿತ್ತು. ಅದರ ಬುಡದಲ್ಲಿ ಕೊಡಲಿ ಸಮೇತ ಸಿಕ್ಕಿಬಿದ್ದ ಒತ್ತೆಯಾಳು ರೂಮಾನನನ್ನು ಇವತ್ತು ಸಂಜೆ, ಕಡಲು ಇಳಿಯುವ ಹೊತ್ತಿಗೆ, ಹುಟ್ಟಿಲ್ಲದ ದೋಣಿಯಲ್ಲಿ ಕೂರಿಸಿ ನೀರಿಗೆ ಬಿಡುವುದೆಂದು ತೂಹಲ್ ರಾಜ ಸಾರಿಸಿದ್ದ. ಅದಕ್ಕೆ ಮೊದಲು ನ್ಯಾಯಗಾರ್ತಿ 'ಹೌದು' ಎನ್ನಬೇಕಿತ್ತು, ಅಷ್ಟೇ. ಬೇರೆ ಮಾತು ಯಾರಿಗೂ ಬೇಕಿರಲಿಲ್ಲ. ಲಸ್ರಾಳಿಗೆ ತನ್ನ ಕೆಲಸದ ಮೇಲೆ ಹೇಸಿಗೆ ಹುಟ್ಟುತ್ತಿದ್ದದ್ದು ಇಂಥ ದಿನಗಳಲ್ಲೇ.

"ಬೆಕ್ಕಾನ್, ಹಸಿ ಮರಕ್ಕೆ ಯಾವತ್ತಾದ್ರೂ ಕೊಡಲಿ ಹಾಕಿದ್ದೀಯಾ?"

"ಹಾಕದೆ ಏನು? ಕೊಡಲಿ ಕಚ್ಚಿಕೊಳ್ಳತ್ತೆ. ಕೈಯೆಲ್ಲ ರಸ, ಅಂಟು."

"ಇಲ್ಲಿ ಮೂಸು."

ಅವನು ಹತ್ತಿರ ಬರಲಿಲ್ಲ. ನಿಂತಲ್ಲಿಂದಲೇ ಕುತ್ತಿಗೆ ಚಾಚಿದ.

"ರಸ ಇಲ್ಲ, ಅಂಟಿಲ್ಲ. ಸಿಡಿದ ಚಕ್ಕೆ ನೋಡು, ಒಲೆಗೆ ಹಾಕಿದ್ರೆ ಈಗಲೇ ಉರಿಯತ್ತೆ," ಎಂದಳು ಲಸ್ರಾ. "ರೂಮಾನ್ ಕೊಡಲಿ ಎತ್ತೋ ಹೊತ್ತಿಗೆ ಮರ ಪ್ರಾಣ ಬಿಟ್ಟು ಎಷ್ಟೋ ದಿನ ಆಗಿತ್ತು. ಹೆಣಕ್ಕೆ ಚೂರಿ ಹಾಕಿದ್ದಾನೆ ಅವನು."

"ಮತ್ತೆ ನಾನೇ ಕೊಂದೆ ಅಂತ ಯಾಕೆ ಒಪ್ಕೊಂಡ?"

ಅದನ್ನು ನಿನ್ನೆ ಅವಳೂ ಕೇಳಿದ್ದಳು. ಕೈಗೆ ಹಗ್ಗ ಬಿಗಿದು ಕೂರಿಸಿದ್ದ ರೂಮಾನ್, "ಕೈ ತುರಿಸ್ತು," ಎಂದಿದ್ದ. ಮತ್ತೆ ಕೇಳಿದಾಗ, "ಗಂಜಿಗೆ ಉಪ್ಪು ಕಮ್ಮಿ ಆಗಿದೆ, ಅಡಿಗೆಯವಳಿಗೆ ಹೇಳು ತಾಯಿ," ಎಂದು ಗೋಡೆಯ ಕಡೆ ತಿರುಗಿಕೊಂಡಿದ್ದ. ಲಸ್ರಾ ಹುಟ್ಟುವುದಕ್ಕೂ ಮೊದಲೇ, ಸಂಧಿಯ ಮಾತಿಗೆ ಆಧಾರವಾಗಿ, ಡೆರ್ಗಾ ಕುಲದಿಂದ ಇಲ್ಲಿಗೆ ಬಂದವನು ಅವನು. ಊರಿನ ಅರ್ಧ ಹೆಂಗಸರ ತಲೆಯಲ್ಲಿರುವ ಕೊಂಬಿನ ಬಾಚಣಿಗೆ ಅವನು ಕೆತ್ತಿದ್ದು. ಅವನ ಪರವಾಗಿ ಒಂದು ಬಾಯಿಯೂ ತೆರೆದಿರಲಿಲ್ಲ.

ತೆರೆಯುವುದಾದರೂ ಹೇಗೆ? ಬಿಲೆಯ ಮೇಲೆ ಕೈಯಿಟ್ಟು, ತಿಳಿದೋ ತಿಳಿಯದೆಯೋ, ಸುಳ್ಳಾಡಿದವರ ಕೆನ್ನೆಯಲ್ಲಿ ನಿಂತ ನಿಲುವಿನಲ್ಲೇ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದವರಿಗೂ ಹುಟ್ಟಿಲ್ಲದ ದೋಣಿಯೇ ಗತಿ. ದಿಬ್ಬದೊಳಗೆ ವಾಸಿಸುವ ದೇವತೆಗಳು ಸಸಿ ಕೊಟ್ಟ ದಿನದಿಂದ ಅದು ತಪ್ಪಿದ್ದಿಲ್ಲ. ಎಲೆಯೆಲ್ಲ ಉದುರಿದಾಗ ರಾಜ ಇಡೀ ಕುಲವನ್ನು ಸಾಲು ನಿಲ್ಲಿಸಿ, 'ಮರಕ್ಕೆ ನಾನು ಕೇಡು ಮಾಡಿಲ್ಲ' ಎಂದು ಆಣೆ ಹಾಕಿಸಿದ್ದ. ಎಲ್ಲರ ಕೆನ್ನೆಯೂ ನುಣ್ಣಗೇ ಉಳಿಯಿತು. ಬಿಲೆಯನ್ನು ಮುಟ್ಟುವ ಹಕ್ಕಿಲ್ಲದೆ ಹೊರಗುಳಿದವನು ಒತ್ತೆಯಾಳು ಒಬ್ಬನೇ. ಮಾರನೆಯ ಬೆಳಿಗ್ಗೆ ಅವನ ಕೈಯಲ್ಲಿ ಕೊಡಲಿ ಇತ್ತು.

"ನಾವೆಲ್ಲ ಸೇರಿ ಹೆಣದ ಹತ್ತಿರ ಸಾಕ್ಷಿ ಕೇಳಿದ್ದೀವಿ," ಎಂದಳು ಲಸ್ರಾ. "ಸತ್ತ ಮರ ಯಾರ ಕೆನ್ನೆಗೆ ಗುಳ್ಳೆ ಎಬ್ಬಿಸತ್ತೆ? ಅವತ್ತು ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳಬಹುದಿತ್ತು."

ಬೆಕ್ಕಾನ್ ತನ್ನ ಕೆನ್ನೆಯನ್ನು ತಡವಿಕೊಂಡ. ಅವನೂ ಅವತ್ತು ಏನೋ ಒಂದು ಸಣ್ಣ ಸುಳ್ಳು ಹೇಳಿ ಪಾರಾಗಿರಬೇಕು, ಮುಖ ನೋಡಿದರೆ ತಿಳಿಯುತ್ತಿತ್ತು.

ಹಾಗಾದರೆ ಕೊಂದವರು ಯಾರು? ಅವಳ ಮನಸ್ಸು ಮೊದಲು ಓಡಿದ್ದು ರಾಜನ ಕಡೆಗೆ. ಒತ್ತೆಯಾಳು ಸತ್ತರೆ ಡೆರ್ಗಾದವರು ಸುಮ್ಮನಿರುವುದಿಲ್ಲ, ಹೊಳೆ ದಾಟಿ ಬರುತ್ತಾರೆ. ಬಂದರೆ ಯುದ್ಧ. ಹೊಳೆಯಾಚೆಯ ಹುಲ್ಲುಗಾವಲಿನ ಮೇಲೆ ತೂಹಲ್ ಕಣ್ಣಿಟ್ಟು ಕೂತದ್ದು ಇವತ್ತು ನಿನ್ನೆಯದಲ್ಲ. ಮರ ಸತ್ತಾಗ ಊರೆಲ್ಲ ಎದೆ ಬಡಿದುಕೊಂಡು ಅತ್ತರೆ, ಅವನು ಗುರಾಣಿಗಳಿಗೆ ಹೊಸ ತೊಗಲು ಹೊದಿಸಲು ಹೇಳಿ ಕಳಿಸಿದ್ದ.

ಆದರೆ ಕೊಲ್ಲುವುದಾದರೂ ಹೇಗೆ? ಬೆಂಕಿಯ ಗುರುತಿಲ್ಲ, ಬೇರು ಅಗೆದಿಲ್ಲ. ಲಸ್ರಾ ಮರವನ್ನು ಸುತ್ತಿ ಬಂದಳು. ಕೊಡಲಿಯ ಗಾಯ ಬುಡದಲ್ಲಿತ್ತು. ಅದರ ಮೇಲೆ, ಮೊಣಕಾಲಿನಿಂದ ಭುಜದೆತ್ತರದವರೆಗೆ, ಕಾಂಡ ಕಾಣದಷ್ಟು ಚಿಂದಿ ಬಟ್ಟೆ. ಕಾಯಿಲೆ ಬಿದ್ದವರು ಮೈಮೇಲಿನ ಬಟ್ಟೆಯಿಂದ ಒಂದು ಚೂರು ಹರಿದು ಬಿಲೆಗೆ ಕಟ್ಟುತ್ತಾರೆ. ಬಟ್ಟೆ ಕಳಚಿ ಬಿದ್ದ ದಿನ ಕಾಯಿಲೆಯೂ ಕಳಚುತ್ತದೆ. ಅಲ್ಲಿಯವರೆಗೆ ಇನ್ನೊಬ್ಬರ ಬಟ್ಟೆಗೆ ಕೈ ಸೋಕಿದರೂ ಆ ಕಾಯಿಲೆ ಇವರಿಗೆ ಹತ್ತುತ್ತದೆ. ಹಾಗಾಗಿ ಆ ಚಿಂದಿಗಳನ್ನು ಸರಿಸಿ ನೋಡಿದವರು ಕೊರಾನ್ ಕುಲದಲ್ಲಿ ಒಬ್ಬರೂ ಇಲ್ಲ.

ಲಸ್ರಾ ಅಂಗಿಯ ತೋಳು ಮಡಿಸಿ ಚಿಂದಿಗೆ ಕೈ ಹಾಕಿದಳು.

"ಬೇಡ್ರೀ ಅಮ್ಮಾ," ಬೆಕ್ಕಾನ್ ಹಿಂದೆ ಸರಿದ. "ಯಾರದು ಏನು ಕಾಯಿಲೆಯೋ. ಕೆಮ್ಮೋ, ಕುಷ್ಠವೋ."

"ನಂಗೆ ಹತ್ತಿದ್ರೆ ನಿನ್ನ ಹತ್ತಿರ ಬಂದು ಕೆಮ್ಮಲ್ಲ. ನೀನು ಆ ಕಡೆ ತಿರುಗು."

ಮೇಲಿನ ಚಿಂದಿಗಳು ಮುಟ್ಟಿದರೆ ಸಾಕು ಉದುರಿದವು. ಎಲ್ಲರೂ ಕಟ್ಟುವುದು ಸಡಿಲು ಗಂಟು. ಬೇಗ ಬೀಳಲಿ ಎಂದು ತಾನೆ ಕಟ್ಟುವುದು. ಸೊಂಟದೆತ್ತರಕ್ಕೆ ಬಂದಾಗ ಬೆರಳು ನಿಂತಿತು. ಅಲ್ಲೊಂದು ಸುತ್ತು ಚಿಂದಿ ಜಗ್ಗಿದರೂ ಬರಲಿಲ್ಲ. ಒಂದರ ಮೇಲೊಂದು ಎರಡೆರಡು ಗಂಟು, ಹಲ್ಲಿನಿಂದ ಎಳೆದು ಬಿಗಿದಂತೆ. ತನ್ನ ಕಾಯಿಲೆ ಎಂದೂ ಬಿಡದಿರಲಿ ಎಂದು ಯಾರಾದರೂ ಹರಕೆ ಹೊರುತ್ತಾರೆಯೇ?

ಅವಳು ಸೊಂಟದ ಚೂರಿ ತೆಗೆದು ಗಂಟು ಕೊಯ್ದಳು.

ಚಿಂದಿಯ ಕೆಳಗೆ ತೊಗಟೆ ಇರಲಿಲ್ಲ. ಅಂಗೈ ಅಗಲದ ಪಟ್ಟಿ, ಕಾಂಡದ ಸುತ್ತ ಒಂದು ಸುತ್ತು, ಬಳೆ ತೊಡಿಸಿದಷ್ಟು ಅಚ್ಚುಕಟ್ಟಾಗಿ ಸುಲಿದು ತೆಗೆದಿದ್ದರು. ಒಳಮರ ಬೂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು. ಅಂಚಿನಲ್ಲಿ ಜೇಡ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳೂ ಹೋಗಿಯಾಗಿತ್ತು. ಸುಲಿದದ್ದು ಕಳೆದ ಚಳಿಗಾಲದಲ್ಲಿ. ಬೇರಿಗೂ ಎಲೆಗೂ ನಡುವಿನ ದಾರಿ ಕಡಿದು, ಮರ ತಾನಾಗಿ ನಿಧಾನಕ್ಕೆ ಒಣಗಲಿ ಎಂದು ಬಿಟ್ಟಿದ್ದರು. ಕೋಪದಲ್ಲಿ ಮಾಡಿದ ಕೆಲಸವಲ್ಲ ಇದು. ಮರವನ್ನು ಬಲ್ಲವರು ಅಳುತ್ತ ಕೂತು ಮಾಡಿದ ಕೆಲಸದ ಹಾಗಿತ್ತು.

ಲಸ್ರಾ ಕೊಯ್ದ ಚಿಂದಿಯನ್ನು ಬೆಳಕಿಗೆ ಹಿಡಿದಳು.

ಕೂಸಿನ ಅಂಗಿಯ ಬಟ್ಟೆ. ಅಂಚಿಗೆ ನೀಲಿ ನೂಲಿನ ಸೊಟ್ಟ ಹೊಲಿಗೆ. ಸೂಜಿ ಹಿಡಿಯಲು ಕಲಿತ ವಯಸ್ಸಿನಲ್ಲಿ, ಹಟ ಮಾಡಿ, ತನ್ನ ಹಳೆಯ ಅಂಗಿಯ ಅಂಚನ್ನು ತಾನೇ ಹೊಲಿದು ಬೆರಳಿಗೆ ಚುಚ್ಚಿಕೊಂಡವಳು ಲಸ್ರಾಳೇ. ಆ ಅಂಗಿ ಇದ್ದದ್ದು ಒಂದೇ ಮನೆಯ ಪೆಟ್ಟಿಗೆಯಲ್ಲಿ.

ರಾಜನೇ ಆಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡಳು.

"ಏನಾದ್ರೂ ಸಿಕ್ತಾ?" ಬೆಕ್ಕಾನ್ ಆ ಕಡೆ ತಿರುಗಿಕೊಂಡೇ ಕೇಳಿದ.

"ಕಾಯಿಲೆ ಸಿಕ್ತು," ಎಂದು ಲಸ್ರಾ ಚಿಂದಿಯನ್ನು ಅಂಗಿಯ ತೋಳಿನೊಳಗೆ ತುರುಕಿಕೊಂಡಳು.

*

ಬಿಲೆಯ ಕಾವಲುಗಿತ್ತಿ ಗೋರ್ಮಾ ಅಂಗಳದಲ್ಲಿ ಕೂತು ಬೆಣ್ಣೆ ಕಡೆಯುತ್ತಿದ್ದಳು. ಮರ ಸತ್ತ ಮೇಲೂ ಹಸು ಹಾಲು ಕೊಡುವುದನ್ನು ಬಿಟ್ಟಿರಲಿಲ್ಲ. ದೊಡ್ಡ ಮನೆಯವರು ಮಕ್ಕಳನ್ನು ಎದೆಹಾಲು ಕುಡಿಯುವಾಗಲೇ ಸಾಕುಮನೆಗೆ ಕೊಡುವ ನಾಡು ಅದು. ಹಡೆದವಳನ್ನು 'ತಾಯಿಯವರೇ' ಎನ್ನುತ್ತಾರೆ, 'ಅವ್ವ' ಎನ್ನುವುದು ಸಾಕಿದವಳಿಗೆ. ಲಸ್ರಾಳಿಗೆ ಅವ್ವ ಎಂದರೆ ಈ ಗೋರ್ಮಾ.

"ಉಂಡ್ಯಾ? ಓಟ್ಸ್ ರೊಟ್ಟಿ ಬಿಸಿ ಇದೆ," ಎಂದಳು ಗೋರ್ಮಾ ತಲೆಯೆತ್ತದೆ.

ಲಸ್ರಾ ಚಿಂದಿಯನ್ನು ತೆಗೆದು ಕಡೆಗೋಲಿನ ಮೇಲಿದ್ದ ಅವಳ ಕೈಯ ಮೇಲಿಟ್ಟಳು.

ಕಡೆಗೋಲು ನಿಂತಿತು.

"ಮುಟ್ಟಿಬಿಟ್ಯಾ?" ಎಂದಳು ಗೋರ್ಮಾ. "ಯಾರೂ ಮುಟ್ಟಲ್ಲ ಅಂದ್ಕೊಂಡಿದ್ದೆ."

"ಬೇರೆ ಬಟ್ಟೆ ಇರಲಿಲ್ವಾ ಅವ್ವ ನಿಂಗೆ?"

"ಹರಿಯೋದಕ್ಕೆ ಅಂತ ಕೈಗೆ ಸಿಕ್ಕಿದ್ದು ಅದೇ. ನಾನು ಯಾರಿಗಾಗಿ ಮಾಡ್ತಿದ್ನೋ ಅವರದ್ದೇ ಬಟ್ಟೆ ಆಗ್ಲಿ ಅಂತ ಅನ್ನಿಸ್ತು."

"ನನಗಾಗಿ? ನಾನು ಯಾವತ್ತು ಕೇಳಿದೆ? ಹುಟ್ಟಿದಾಗಿನಿಂದ ನೀರು ಹೊಯ್ದಿದ್ದೀಯ ಆ ಮರಕ್ಕೆ. ನಿನ್ನ ಕೈಯಿಂದ ನೀನೇ ಸುಲಿದ್ಯಾ?"

"ಬೇರೆಯವರು ಸುಲಿದಿದ್ರೆ ಅದಕ್ಕೆ ನೋವಾಗ್ತಿತ್ತು," ಎಂದಳು ಗೋರ್ಮಾ. ಅದನ್ನು ನಂಬಿಯೇ ಹೇಳಿದ್ದಳು.

"ಸುತ್ತಿ ಬಳಸಿ ಮಾತಾಡಬೇಡ. ಇವತ್ತು ಸಂಜೆ ಒಬ್ಬ ಮನುಷ್ಯ ಸಾಯ್ತಾನೆ."

ಗೋರ್ಮಾ ಸೆರಗಿಗೆ ಕೈ ಒರೆಸಿಕೊಂಡಳು. "ಸುಗ್ಗಿ ಹಬ್ಬಕ್ಕೆ ನಿನ್ನನ್ನ ಹಿರೀ ನ್ಯಾಯಪೀಠಕ್ಕೆ ಏರಿಸ್ತಿದ್ರು. ಏರೋಕೆ ಮುಂಚೆ ಬಿಲೆ ಮೇಲೆ ಕೈಯಿಟ್ಟು ಏನು ಹೇಳಬೇಕು?"

"ಕುಲ ಹೇಳಬೇಕು. ನ್ಯಾಯಗಾರ ಓಡ್ರಾನನ ಮಗಳು ಲಸ್ರಾ ನಾನು ಅಂತ."

"ಹೇಳ್ತಿದ್ದ ಹಾಗೇ ಕೆನ್ನೆ ಮೇಲೆ ಗುಳ್ಳೆ ಏಳ್ತಿತ್ತು."

ಹಿತ್ತಿಲಲ್ಲಿ ಕರು ಕೂಗಿತು. ಲಸ್ರಾಳಿಗೆ ಮಾತು ಕೇಳಿಸಿತು, ಅರ್ಥ ಮಾತ್ರ ತಡವಾಗಿ ಬಂತು.

"ಓಡ್ರಾನನ ಮಗಳು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಜ್ವರ ಬಂದು ಹೋಯ್ತು," ಎಂದಳು ಗೋರ್ಮಾ. "ನನ್ನ ಮಡಿಲಲ್ಲೇ. ಸಾಕೋಕೆ ಕೊಟ್ಟ ಕೂಸನ್ನ ಕೊಂದವಳು ಅಂತ ನನ್ನನ್ನ ಬಿಡ್ತಿದ್ರಾ? ಪಕ್ಕದ ತೊಟ್ಟಿಲಲ್ಲಿ ಅದೇ ವಯಸ್ಸಿನ ನನ್ನ ಕೂಸಿತ್ತು. ಅಪ್ಪನ ಹೆಸರು ಹೇಳದೆ ಹಡೆದ ಕೂಸು. ಊರೆಲ್ಲ ಆಡ್ಕೊಂಡು ನಗ್ತಿತ್ತು. ಸತ್ತದ್ದು ನನ್ನದು ಅಂತ ಹೇಳಿದೆ. ಒಬ್ಬರೂ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ ಲಸ್ರಾ. ಒಳ್ಳೇದೇ ಆಯ್ತು ಬಿಡು ಅಂದ್ರು."

ಲಸ್ರಾ ಗೋಡೆಗೆ ಒರಗಿ ನಿಂತಳು. ಇಷ್ಟು ವರ್ಷ ಹಬ್ಬ ಹುಣ್ಣಿಮೆಗೆ ಹೋಗಿ ಓಡ್ರಾನನ ಸಮಾಧಿಯ ಮೇಲೆ ಕಲ್ಲಿಟ್ಟು ಬಂದವಳು ಅವಳು. ಅಲ್ಲಿ ಮಲಗಿದ್ದವನು ತನಗೆ ಏನೂ ಅಲ್ಲ ಎಂದು ತಿಳಿದಾಗ ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು.

"ನಂಗೆ ಹೇಳಿದ್ರೆ ಆಗ್ತಿತ್ತು. ಪೀಠ ಬೇಡ ಅಂತ ಎಲ್ಲಾದರೂ ಹೊರಟು ಹೋಗ್ತಿದ್ದೆ."

"ಹೋಗ್ತಿರಲಿಲ್ಲ ನೀನು. ಎಲ್ಲರ ಮುಂದೆ ಕೈಯಿಟ್ಟು ನಿಜ ಹೇಳ್ತಿದ್ದೆ. ನಿನ್ನನ್ನ ಸಾಕಿರೋದು ನಾನು, ನಂಗೆ ಗೊತ್ತಿಲ್ವಾ? ಸುಳ್ಳು ಕುಲ ಹೇಳಿ ನ್ಯಾಯ ಮಾಡಿದವಳಿಗೆ ದೋಣಿ. ಒಂದೋ ಮರ ಇರಬೇಕಿತ್ತು, ಇಲ್ಲ ನೀನಿರಬೇಕಿತ್ತು. ನಾನು ಒಂದನ್ನ ಆರಿಸ್ಕೊಂಡೆ. ಯಾವ ತಾಯಿ ಬೇಕಾದ್ರೂ ಅದನ್ನೇ ಮಾಡ್ತಿದ್ಲು."

"ಅದಕ್ಕೆ ರೂಮಾನ್ ಸಾಯಬೇಕಾ? ಅವನು ಸತ್ತರೆ ಯುದ್ಧ. ಹೊಳೆ ಎರಡೂ ಕಡೆ ಹೆಣ ಬೀಳತ್ತೆ. ಅಷ್ಟೂ ಜನರ ತಾಯಂದಿರಿಗೆ ಏನು ಹೇಳ್ತೀಯ?"

ಗೋರ್ಮಾ ಬೆಣ್ಣೆ ಕೆಡುತ್ತದೆಂಬಂತೆ ಮತ್ತೆ ಕಡೆಗೋಲು ಹಿಡಿದಳು.

"ಸತ್ತ ಮರಕ್ಕೆ ಅವನು ಕೊಡಲಿ ಯಾಕೆ ಹಾಕಿದ? ನೀನು ಹೇಳಿದ್ಯಾ ಹಾಕು ಅಂತ?"

"ನಾನು ಹೇಳಲಿಲ್ಲ. ಬೇಡ ಅಂತ ಕಾಲು ಹಿಡಿಯೋಕೂ ನಂಗೆ ಅವಕಾಶ ಕೊಡಲಿಲ್ಲ ಅವನು."

"ಅವನಿಗೇನಾಗಬೇಕಿತ್ತು ಇದರಲ್ಲಿ?"

ಕಡಲ ದಂಡೆಯಿಂದ ಕೊಂಬಿನ ಸದ್ದು ಕೇಳಿಬಂತು. ನೀರು ಇಳಿಯತೊಡಗಿತ್ತು.

"ಹೋಗು," ಎಂದಳು ಗೋರ್ಮಾ. "ನಿನ್ನ ಬಾಯಲ್ಲಿ ನನ್ನ ಹೆಸರು ಬಂದ್ರೆ, ಯಾಕೆ ಮಾಡಿದೆ ಅಂತ ಕೇಳ್ತಾರೆ. ಕಾರಣ ಹೇಳದೆ ನ್ಯಾಯ ಮುಗಿಯಲ್ಲ. ಕಾರಣ ಹೇಳಿದ್ರೆ ನೀನೂ ಉಳಿಯಲ್ಲ. ನನಗೆ ಗೊತ್ತಿರೋದು ಇಷ್ಟೇ."

*

ದಂಡೆಯಲ್ಲಿ ಕುಲವೆಲ್ಲ ನೆರೆದಿತ್ತು. ತೊಗಲಿನ ದೋಣಿ ಅರ್ಧ ಮರಳಿನಲ್ಲಿ, ಅರ್ಧ ನೀರಿನಲ್ಲಿ ಇತ್ತು. ಹುಟ್ಟಿಲ್ಲ, ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ನಡುವೆ ಕೂತಿದ್ದ ರೂಮಾನನ ಕೈಗಳ ಹಗ್ಗ ಬಿಚ್ಚಿದ್ದರು. ಇನ್ನು ಆ ಕೈಗಳಿಂದ ಮಾಡುವುದೇನೂ ಇರಲಿಲ್ಲ. ಅವನು ಕೊಟ್ಟ ಬಾಚಣಿಗೆಗಳನ್ನು ಮುಡಿಯಲ್ಲಿ ಸಿಕ್ಕಿಸಿಕೊಂಡೇ ಬಂದಿದ್ದ ಹೆಂಗಸರು ಚೆನ್ನಾಗಿ ಕಾಣುವ ಜಾಗಕ್ಕೆ ಒಬ್ಬರನ್ನೊಬ್ಬರು ನೂಕುತ್ತಿದ್ದರು.

"ಬನ್ನಿ ನ್ಯಾಯಗಾರ್ತಿ," ತೂಹಲ್ ರಾಜ ನಗುಮುಖದಿಂದ ಕರೆದ. "ಕಡಲು ನಿಮಗೋಸ್ಕರ ಕಾಯ್ತಾ ಕೂರಲ್ಲ. ತಪ್ಪಿತಸ್ಥ ಅಂತ ಹೇಳಿ, ಪದ್ಧತಿ ಪ್ರಕಾರ ನಿಮ್ಮ ಕೈಯಿಂದ ತಳ್ಳಿಬಿಡಿ. ರಾತ್ರಿ ಊಟಕ್ಕೆ ಹಂದಿ ಸುಡ್ತಿದ್ದಾರೆ."

"ಒಂದು ಮಾತು ಕೇಳಬೇಕು ಅವನ ಹತ್ತಿರ."

"ಕೇಳಿ, ಕೇಳಿ. ದಾರಿಗೆ ಒಂದು ಮಾತು ಬುತ್ತಿ ಆಗ್ಲಿ ಅವನಿಗೂ."

ಲಸ್ರಾ ನೀರಿಗಿಳಿದು ದೋಣಿಯ ಅಂಚಿಗೆ ಬಗ್ಗಿದಳು. ಅಲೆಯ ಸದ್ದಿನಲ್ಲಿ ಮೇಲಿನವರಿಗೆ ಏನೂ ಕೇಳಿಸುತ್ತಿರಲಿಲ್ಲ.

"ಮರ ಮೊದಲೇ ಸತ್ತಿತ್ತು. ಅದು ನಿಮಗೂ ಗೊತ್ತಿತ್ತು," ಎಂದಳು. "ಯಾಕೆ ಈ ಕೆಲಸ ಮಾಡಿದ್ರಿ?"

ರೂಮಾನ್ ಅವಳ ಮುಖವನ್ನೇ ನೋಡಿದ. ಇಷ್ಟು ವರ್ಷ ಅವನು ಅವಳನ್ನು ಹಾಗೆ ನೇರವಾಗಿ ನೋಡಿದ್ದಿಲ್ಲ.

"ಆಣೆ ಹಾಕಿದ ಸಂಜೆ ನೀನು ಮರದ ಸುತ್ತ ಸುತ್ತುತ್ತಾ ಇದ್ದೆ," ಎಂದ. "ಯೋಚನೆ ಮಾಡ್ತಾ ಇದ್ದೆ. ನೀನು ಯೋಚನೆ ಮಾಡೋಕೆ ಶುರು ಮಾಡಿದ್ರೆ ಬಿಡಲ್ಲ ಅಂತ ಗೊತ್ತು ನಂಗೆ. ಯೋಚನೆ ನಿಲ್ಲಲಿ ಅಂತ ಒಬ್ಬ ಕಳ್ಳನನ್ನ ಕೊಟ್ಟೆ. ತಳ್ಳು ಮಗಳೇ. ನಿಮ್ಮವ್ವನ ಹೆಸರು ಎತ್ತಬೇಡ. ನಾವಿಬ್ಬರೂ ಸೇರಿ ಹುಟ್ಟಿಸಿದ್ದು ನಿನ್ನೊಬ್ಬಳನ್ನೇ. ನೀನು ಉಳಿದ್ರೆ ಸಾಕು."

ಅಪ್ಪನ ಹೆಸರು ಹೇಳದೆ ಹಡೆದ ಕೂಸು. ಗೋರ್ಮಾ ನುಂಗಿದ್ದ ಹೆಸರು ಇದು. ಶತ್ರು ಕುಲದ ಒತ್ತೆಯಾಳು ಲಸ್ರಾಳ ಅಪ್ಪ. ಊರ ಹೆಂಗಸರಿಗೆಲ್ಲ ಬಾಚಣಿಗೆ ಕೆತ್ತಿಕೊಟ್ಟವನು ಗೋರ್ಮಾಳ ಮನೆಯ ಹೊಸ್ತಿಲು ಮಾತ್ರ ತುಳಿಯದೆ, ಒಮ್ಮೆಯೂ ಮಗಳನ್ನು ಎತ್ತಿಕೊಳ್ಳದೆ, ದೂರದಲ್ಲೇ ಉಳಿದವನು. ಈಗ ಒಂದೇ ಸಾರಿಗೆ ಎಲ್ಲವನ್ನೂ ಕೊಟ್ಟು ಹೋಗುತ್ತಿದ್ದಾನೆ. ಲಸ್ರಾಳಿಗೆ ಅವನ ಮೇಲೆ, ಅವ್ವನ ಮೇಲೆ, ತಾನು ಹುಟ್ಟಿದ ಗಳಿಗೆಯ ಮೇಲೆ ಹೇಳತೀರದಷ್ಟು ಕೋಪ ಬಂತು. ಅದರ ಹಿಂದೆಯೇ ಅಳು ಬಂತು. ಅಳು ನುಂಗಿ ಎದ್ದು ನಿಂತಳು.

"ಕೇಳಿ ಎಲ್ಲಾರೂ," ಎಂದಳು ದಂಡೆಗೆ ತಿರುಗಿ. "ಬಿಲೆಯನ್ನ ಕೊಂದದ್ದು ರೂಮಾನ್ ಅಲ್ಲ. ಚಳಿಗಾಲದಲ್ಲೇ ತೊಗಟೆ ಸುಲಿದು ಕೊಂದಿದ್ದಾರೆ. ಚಿಂದಿ ಸರಿಸಿ ನೋಡಿ, ಕಾಣತ್ತೆ. ಕೊಂದವರು ಯಾರು ಅಂತ ನಂಗೆ ಗೊತ್ತು."

ಜನ ಗುಜುಗುಜು ಎಂದರು. ರಾಜನ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. "ಯಾರು?"

"ಹೇಳಲ್ಲ."

"ಹೇಳಲ್ವಾ? ಗೊತ್ತಿದ್ದೂ ಬಚ್ಚಿಟ್ಟ ನ್ಯಾಯಗಾರರಿಗೆ ಏನು ಶಿಕ್ಷೆ ಅಂತ ನಮಗೆ ಹೇಳಿಕೊಟ್ಟವರು ನೀವೇ ಅಲ್ವಾ?"

"ಹೌದು. ತಪ್ಪು ಮಾಡಿದವರ ಶಿಕ್ಷೆ ಬಚ್ಚಿಟ್ಟವರಿಗೆ," ಎಂದಳು ಲಸ್ರಾ. "ಅಪರಾಧಿ ಅಲ್ಲದವನನ್ನ ಇಳಿಸಿ. ಆ ಜಾಗದಲ್ಲಿ ನಾನು ಕೂರ್ತೀನಿ."

ಅವಳು ಲಂಗ ಎತ್ತಿ ಕಟ್ಟಿ ದೋಣಿಯೊಳಗೆ ಕಾಲಿಟ್ಟು ಕುಳಿತಳು. ರೂಮಾನ್ ಅವಳ ತೋಳು ಹಿಡಿದು ಹೊರಗೆ ನೂಕಲು ನೋಡಿದ. ಅವಳು ಅಲ್ಲಾಡಲಿಲ್ಲ.

ರಾಜ ಇಬ್ಬರನ್ನೂ ನೋಡುತ್ತ ನಿಂತ. ಇಳಿಸುವ ಮಾತು ಅವನ ಬಾಯಿಂದ ಬರಲಿಲ್ಲ. ಪ್ರಶ್ನೆ ಕೇಳುವ ನ್ಯಾಯಗಾರ್ತಿಯೂ ಹೋಗುತ್ತಾಳೆ, ಯುದ್ಧಕ್ಕೆ ಕಾರಣವೂ ಸಿಗುತ್ತದೆ. ಇಷ್ಟು ಅಗ್ಗಕ್ಕೆ ಎರಡೂ ಸಿಗುತ್ತವೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

"ಒಪ್ಕೊಂಡವನು ಅವನು. ಬಚ್ಚಿಟ್ಟವಳು ಇವಳು," ಎಂದ. "ಇಬ್ಬರೂ ಹೋಗ್ಲಿ. ನ್ಯಾಯಗಾರರು ಇಲ್ಲದಾಗ ದೋಣಿ ತಳ್ಳೋ ಹಕ್ಕು ಬಿಲೆಯ ಕಾವಲಿನವರದು. ಗೋರ್ಮಾನ ಕರೀರಿ."

ಕರೆಯಬೇಕಾಗಿರಲಿಲ್ಲ. ಜನರ ಹಿಂದಿನ ಸಾಲಿನಲ್ಲಿ ಗೋರ್ಮಾ ಆಗಲೇ ನಿಂತಿದ್ದಳು. ಎಲ್ಲರೂ ಸರಿದು ದಾರಿ ಬಿಟ್ಟರು. ಅವಳು ಯಾರ ಮುಖವನ್ನೂ ನೋಡದೆ ಮರಳು ದಾಟಿ, ಮೊಣಕಾಲಿನವರೆಗೆ ನೀರಿಗಿಳಿದು ಬಂದಳು.

"ಅವ್ವ, ಬಾಯಿ ಬಿಡಬೇಡ," ಎಂದಳು ಲಸ್ರಾ ಮೆಲ್ಲಗೆ.

"ತಳ್ಳಬೇಡ," ಎಂದ ರೂಮಾನ್ ಅದೇ ಉಸಿರಿನಲ್ಲಿ.

"ಹೂಂ, ಆಗ್ಲಿ ಗೋರ್ಮಾ," ಎಂದು ರಾಜ ದಂಡೆಯಿಂದ ಕೂಗಿದ.

ಗೋರ್ಮಾ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. ತಳ್ಳಿದರೂ, ಬಾಯಿ ಬಿಟ್ಟರೂ ಮಗಳು ಉಳಿಯುವುದಿಲ್ಲ. ಆಮೇಲೆ ದೋಣಿಯ ಮೂತಿಯ ಮೇಲೆ ಎರಡೂ ಕೈ ಇಟ್ಟಳು.